ಹೊಟ್ಟಿನ ಬಾಯ್ಲರಿಗೆ ನೀರಿನ ಕಾವಲು: ಮಾಡೆಲ್ ಆಧರಿಸಿ ಸುರಕ್ಷತಾ ವ್ಯವಸ್ಥೆ ಕಟ್ಟುವ ಬಗೆ

ಭದ್ರಾ ನಾಲೆಯ ಭತ್ತ ಬಂದು ಬೀಳುವ ದಾವಣಗೆರೆ, ಹರಿಹರ ಸುತ್ತಿನ ಗಿರಣಿಗಳಲ್ಲಿ ಕುಚ್ಚಲಕ್ಕಿ ಮಾಡಬೇಕೆಂದರೆ ಹಬೆ ಬೇಕು. ಹಬೆಗೆ ಬಾಯ್ಲರ್, ಬಾಯ್ಲರಿಗೆ ಅದೇ ಗಿರಣಿಯ ಹೊಟ್ಟು. ಇಂಥ ಬಾಯ್ಲರಿನಲ್ಲಿ ಒತ್ತಡ ಏರಿದರೆ ಸೇಫ್ಟಿ ವಾಲ್ವ್ ಎದ್ದು ಹಬೆ ಬಿಡುತ್ತದೆ. ನೀರು ಇಳಿದರೆ ಆ ವಾಲ್ವ್ ಏನೂ ಮಾಡಲಾರದು. ಹೊಗೆ ಹಾಯುವ ಕೊಳವೆಗಳ ಮೇಲಿನ ಸಾಲು ನೀರಿನಿಂದ ಹೊರಬಿದ್ದ ಕೂಡಲೇ ಲೋಹ ಕಾಯತೊಡಗುತ್ತದೆ, ಬಲ ಕಳೆದುಕೊಳ್ಳುತ್ತದೆ, ಸೇಫ್ಟಿ ವಾಲ್ವ್ ಏಳುವುದಕ್ಕಿಂತ ಕಡಿಮೆ ಒತ್ತಡದಲ್ಲೇ ಸೀಳಬಹುದು. ಹಾಗಾಗಿ ನೀರು ಇಳಿದಾಗ ಬೆಂಕಿ ನಿಲ್ಲಿಸುವ ಪ್ಯಾನೆಲ್ ಸಣ್ಣದಾಗಿ ಕಂಡರೂ ಅದರ ಮೇಲೆ ಜನರ ಜೀವ ನಿಂತಿದೆ.

ಇದನ್ನು ಕಟ್ಟುವ ರೂಢಿ ಎಲ್ಲರಿಗೂ ಗೊತ್ತು: ಹಿಂದಿನ ಗಿರಣಿಯ ಡ್ರಾಯಿಂಗ್ ತಂದು, ಮೋಟಾರಿನ ಎಚ್‌ಪಿ ಬದಲಿಸಿ, ಹೊಸ ಪ್ಯಾನೆಲ್ ಮಾಡಿಕೊಡುವುದು. ಹಿಂದಿನದು ಸರಿಯಿತ್ತೇ ಎಂದು ಯಾರೂ ಕೇಳುವುದಿಲ್ಲ. ಮಾಡೆಲ್ ಆಧಾರಿತ ಎಂಜಿನಿಯರಿಂಗ್‌ನಲ್ಲಿ ಕೆಲಸದ ಮುಖ್ಯ ದಾಖಲೆ ಕಾಗದದ ವಿವರಣೆಯಲ್ಲ, ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದಾದ ಮಾಡೆಲ್. ಅಗತ್ಯಗಳು, ವಿನ್ಯಾಸ, ಅಪಾಯದ ಲೆಕ್ಕ, ಪರೀಕ್ಷೆ, ಕೊನೆಗೆ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಸಣ್ಣ ಕಂಪ್ಯೂಟರ್) ಪ್ರೋಗ್ರಾಂ ಎಲ್ಲವೂ ಅದಕ್ಕೇ ತಳಕು ಹಾಕಿಕೊಂಡಿರುತ್ತವೆ. ಆದರೆ ಪ್ಯಾನೆಲ್ಲಿನ ಲಾಜಿಕ್ಕಿಗೆ ಮಾತ್ರ ಮಾಡೆಲ್ ಮಾಡಿದರೆ ಅರ್ಧ ಕೆಲಸವೂ ಆಗುವುದಿಲ್ಲ. ನೀರು, ಹೊಟ್ಟು ಉರಿಯುವ ಜಾಲರಿಯಾದ ಗ್ರೇಟಿನ ಮೇಲೆ ಉಳಿದ ಕೆಂಡ, ಹೋಗಿಬರುವ ಕರೆಂಟು, ಸೆನ್ಸರನ್ನು ತಪ್ಪಿಸಲು ಬೈಪಾಸ್ ವೈರು ಹಾಕುವ ಕೈ ಇವಿಷ್ಟೂ ಮಾಡೆಲ್‌ನೊಳಗೆ ಬರಬೇಕು.

ಉದಾಹರಣೆಗೆ ಗಂಟೆಗೆ 3 ಟನ್ ಹಬೆಯ, ಚದರ ಸೆಂಟಿಮೀಟರಿಗೆ 10.5 ಕೆಜಿ ಒತ್ತಡದ, ಹೊಟ್ಟು ಉರಿಸುವ ಹೊಗೆ ಕೊಳವೆ ಬಾಯ್ಲರ್ ತೆಗೆದುಕೊಂಡಿದ್ದೇವೆ. ಕೆಳಗಿನ ಅಳತೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಬಾಯ್ಲರಿನ ಡ್ರಾಯಿಂಗ್ ನೋಡಿ ನಿಮ್ಮ ಅಂಕಿ ಹಾಕಿಕೊಳ್ಳಿ. ಇನ್ನೊಂದು ಮಾತು: ಸೇಫ್ಟಿ ವಾಲ್ವ್, ನೀರಿನ ಮಟ್ಟ ತೋರಿಸುವ ಎರಡು ಗೇಜ್ ಗ್ಲಾಸ್, ಅತಿಯಾಗಿ ಕಾದಾಗ ಕರಗುವ ಫ್ಯೂಸಿಬಲ್ ಪ್ಲಗ್ ಮುಂತಾಗಿ ಬಾಯ್ಲರ್ ನಿಯಮಗಳು ಬೇಡುವ ಯಾವುದನ್ನೂ ಈ ಕೆಲಸ ಬದಲಿಸುವುದಿಲ್ಲ. ಬಾಯ್ಲರಿನಲ್ಲಿ ಯಾವುದೇ ಮಾರ್ಪಾಟಿದ್ದರೂ ಮೊದಲು ತಯಾರಕರನ್ನೂ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯನ್ನೂ ಕೇಳಿ.

ಹಂತ 1: ಗಡಿ ಹಾಕಿ, ಅಪಾಯ ಬರೆಯಿರಿ

ಒಂದು ದೊಡ್ಡ ಹಾಳೆ ತೆಗೆದುಕೊಂಡು ಬಾಯ್ಲರ್, ನೀರಿನ ಟ್ಯಾಂಕ್, ಫೀಡ್ ಪಂಪ್, ಹೊಟ್ಟಿನ ಫೀಡರ್, ಕುಲುಮೆಗೆ ಗಾಳಿ ಊದುವ ಎಫ್‌ಡಿ ಫ್ಯಾನ್, ಹೊಗೆಯನ್ನು ಹೊರಗೆಳೆಯುವ ಐಡಿ ಫ್ಯಾನ್, ಮುಖ್ಯ ಹಬೆ ವಾಲ್ವ್, ಭತ್ತ ಬೇಯಿಸುವ ಟ್ಯಾಂಕುಗಳು, ಬೆಸ್ಕಾಂ ಲೈನು, ಜನರೇಟರ್, ಬಾಯ್ಲರ್ ಅಟೆಂಡೆಂಟ್ ಎಲ್ಲವನ್ನೂ ಪೆಟ್ಟಿಗೆಗಳಾಗಿ ಬರೆಯಿರಿ. ಯಾರು ಯಾರಿಗೆ ಆಜ್ಞೆ ಕೊಡುತ್ತಾರೆ, ಯಾರಿಗೆ ಯಾವ ಸುದ್ದಿ ತಿರುಗಿ ಬರುತ್ತದೆ ಎಂದು ಬಾಣ ಎಳೆಯಿರಿ. ಅಟೆಂಡೆಂಟ್‌ನನ್ನು ಹಾಳೆಯಿಂದ ಹೊರಗಿಟ್ಟರೆ ಮುಂದಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಎಂಐಟಿಯ ನ್ಯಾನ್ಸಿ ಲೆವೆಸನ್ ರೂಪಿಸಿದ ಎಸ್‌ಟಿಪಿಎ ಎಂಬ ವಿಧಾನ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಪ್ರತಿ ಆಜ್ಞೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕು. ಕೊಡಬೇಕಾದಾಗ ಕೊಡದಿದ್ದರೆ? ಕೊಡಬಾರದಾಗ ಕೊಟ್ಟರೆ? ಬೇಗ, ತಡ ಅಥವಾ ಹಿಂದುಮುಂದಾಗಿ ಕೊಟ್ಟರೆ? ಬೇಗ ನಿಲ್ಲಿಸಿದರೆ ಅಥವಾ ಹೆಚ್ಚು ಹೊತ್ತು ನಡೆಸಿದರೆ?

ಫೀಡ್ ಪಂಪಿಗೆ ಈ ಪ್ರಶ್ನೆ ಹಾಕಿ ನೋಡಿ. ಕೊಡದಿದ್ದರೆ ನೀರು ಇಳಿಯುತ್ತದೆ, ಅದು ಎಲ್ಲರೂ ಹೇಳುವ ಉತ್ತರ. ಕೊಡಬಾರದಾಗ ಕೊಟ್ಟರೆ? ಕೊಳವೆ ಆಗಲೇ ಬಯಲಾಗಿ ಕೆಂಪಗೆ ಕಾದಿದ್ದಾಗ ತಣ್ಣೀರು ಬಿದ್ದರೆ ಲೋಹಕ್ಕೆ ಹಠಾತ್ ಆಘಾತ, ಜೊತೆಗೆ ಒಮ್ಮೆಲೇ ಹಬೆ. ಅಂದರೆ ಒಂದು ಮಟ್ಟದವರೆಗೆ ಪಂಪ್ ರಕ್ಷಕ, ಅದರ ಕೆಳಗೆ ಅದೇ ಪಂಪ್ ಅಪಾಯ. ಹಳೆಯ ಎಷ್ಟೋ ಡ್ರಾಯಿಂಗುಗಳಲ್ಲಿ ಈ ವ್ಯತ್ಯಾಸವೇ ಇರುವುದಿಲ್ಲ. ಮಟ್ಟ ಕಡಿಮೆಯೆಂದರೆ ಪಂಪ್ ಚಾಲೂ, ಅಷ್ಟೇ.

ಫ್ಯಾನುಗಳಲ್ಲಿ ಇನ್ನೊಂದು ಇಕ್ಕಟ್ಟು ಸಿಗುತ್ತದೆ. ನೀರಿನ ದೃಷ್ಟಿಯಿಂದ ಎಫ್‌ಡಿ, ಐಡಿ ಎರಡೂ ತಕ್ಷಣ ನಿಂತರೆ ಒಳ್ಳೆಯದು. ಬೆಂಕಿಯ ದೃಷ್ಟಿಯಿಂದ ಐಡಿ ಪೂರಾ ನಿಂತರೆ ಅರೆಬೆಂದ ಅನಿಲ ಒಳಗೇ ಉಳಿದು, ಬಾಗಿಲು ತೆರೆದವನ ಮುಖಕ್ಕೆ ಜ್ವಾಲೆ ಬರಬಹುದು, ಫೀಡರಿನ ಹೊಟ್ಟಿಗೂ ಬೆಂಕಿ ಹಿಂದಕ್ಕೆ ಹತ್ತಬಹುದು. ನಮ್ಮ ಉದಾಹರಣೆಯಲ್ಲಿ ಟ್ರಿಪ್ ಆದಾಗ (ಅಪಾಯ ಕಂಡು ಪ್ಯಾನೆಲ್ ತಾನಾಗಿ ಉರಿ ನಿಲ್ಲಿಸಿದಾಗ) ಫೀಡರ್ ಮತ್ತು ಎಫ್‌ಡಿ ಕೂಡಲೇ ನಿಲ್ಲುತ್ತವೆ, ಐಡಿ ಮಾತ್ರ ಡ್ಯಾಂಪರ್ ತಗ್ಗಿಸಿಕೊಂಡು ಸ್ವಲ್ಪ ಎಳೆಯುತ್ತಿರುತ್ತದೆ. ಮತ್ತೆ ಶುರು ಮಾಡುವಾಗ ಐಡಿ ಮೊದಲು, ಅನಿಲ ಹೊರಹೋಗುವಷ್ಟು ಸಮಯ ಬಿಟ್ಟು ಎಫ್‌ಡಿ. ಎಷ್ಟು ತಗ್ಗಿಸಬೇಕು, ಎಷ್ಟು ಸಮಯ ಬಿಡಬೇಕು ಎಂಬುದು ಕುಲುಮೆಯ ರಚನೆಯ ಮೇಲಿದೆ, ಅದನ್ನು ತಯಾರಕರೇ ಹೇಳಬೇಕು.

ಹಂತ 2: ಅಗತ್ಯವನ್ನು ಅಳೆಯಲು ಬರುವಂತೆ ಬರೆಯಿರಿ

“ನೀರು ಕಡಿಮೆಯಾದರೆ ಬಾಯ್ಲರ್ ಟ್ರಿಪ್ ಆಗಬೇಕು” ಎಂಬುದು ಅಗತ್ಯವಲ್ಲ, ಅದು ಉಪಾಯ. ನಿಜವಾದ ಅಗತ್ಯ ಹೀಗಿರಬೇಕು: “ಕುಲುಮೆಯಲ್ಲಿ ಬೆಂಕಿಯೋ ಕೆಂಡವೋ ಇರುವ ಯಾವ ಹೊತ್ತಿನಲ್ಲೂ, ಫೀಡ್ ಪಂಪ್ ಪೂರ್ತಿ ಕೆಟ್ಟಿದ್ದರೂ, ಮೇಲಿನ ಕೊಳವೆ ಸಾಲು ನೀರಿನಿಂದ ಹೊರಬರಬಾರದು.” ಈ ಎರಡು ವಾಕ್ಯಗಳ ನಡುವಿನ ಅಂತರ ಎಷ್ಟು ದೊಡ್ಡದೆಂದು ಮುಂದಿನ ಹಂತದ ಲೆಕ್ಕ ತೋರಿಸುತ್ತದೆ.

ಪ್ರತಿ ಅಗತ್ಯಕ್ಕೂ ಒಂದು ಸಂಖ್ಯೆ, ಅದು ಯಾವ ಅಪಾಯದಿಂದ ಹುಟ್ಟಿತು, ಯಾವ ಪರೀಕ್ಷೆಯಿಂದ ಸಾಬೀತಾಗುತ್ತದೆ, ಯಾವ ಊಹೆಯ ಮೇಲೆ ನಿಂತಿದೆ ಎಂಬ ನಾಲ್ಕು ಅಂಕಣ ಇಟ್ಟುಕೊಳ್ಳಿ. ಸಣ್ಣ ಕೆಲಸಕ್ಕೆ ಸ್ಪ್ರೆಡ್‌ಶೀಟ್ ಧಾರಾಳ ಸಾಕು. ದೊಡ್ಡ ಸ್ಥಾವರವಾದರೆ ವ್ಯವಸ್ಥೆಗಳನ್ನು ಚಿತ್ರಗಳಲ್ಲಿ ಬರೆಯುವ ಸಿಸ್‌ಎಂಎಲ್ ಭಾಷೆಯ ಟೂಲು, ಅಥವಾ ಉಚಿತವಾಗಿ ಸಿಗುವ ಕಪೆಲ್ಲಾ, ಪಪೈರಸ್ ನೋಡಬಹುದು. ಚಿತ್ರ ಬರೆಯುವುದರಲ್ಲೇ ಮೂರು ತಿಂಗಳು ಕಳೆದು ಒಂದು ಸಲವೂ ಏನನ್ನೂ ಓಡಿಸದ ತಂಡಗಳಿಗೇನೂ ಕೊರತೆಯಿಲ್ಲ.

ಊಹೆಗಳ ಅಂಕಣವನ್ನು ಖಾಲಿ ಬಿಡಬೇಡಿ. “ಗ್ರೇಟಿನ ಮೇಲೆ ಒಮ್ಮೆಗೆ 100 ಕೆಜಿಗಿಂತ ಹೆಚ್ಚು ಹೊಟ್ಟು ಇರುವುದಿಲ್ಲ”, “ಟ್ರಿಪ್ ಆದ 3 ನಿಮಿಷದೊಳಗೆ ಅಟೆಂಡೆಂಟ್ ಮುಖ್ಯ ಹಬೆ ವಾಲ್ವ್ ಮುಚ್ಚುತ್ತಾರೆ” ಇಂಥವು ಅಲ್ಲಿ ಬರಬೇಕು. ಮುಂದೆ ಯಾರಾದರೂ ಹೊಟ್ಟಿನ ಬದಲು ಸೌದೆ ಹಾಕಲು ಶುರು ಮಾಡಿದರೆ ಯಾವ ಲೆಕ್ಕ ಮುರಿಯಿತು ಎಂದು ಆ ಅಂಕಣ ನೋಡಿಯೇ ತಿಳಿಯುವುದು.

ಹಂತ 3: ಬಾಯ್ಲರಿನ ಮಾಡೆಲ್

ಮಾಡೆಲ್ ಓಡಿಸುವ ಟೂಲುಗಳಲ್ಲಿ ಓಪನ್‌ಮಾಡೆಲಿಕಾ, ಸೈಲ್ಯಾಬ್‌ನ ಎಕ್ಸ್‌ಕಾಸ್ ಎರಡೂ ಉಚಿತ. ಕಂಪನಿಯಲ್ಲಿ ಲೈಸೆನ್ಸ್ ಇದ್ದರೆ ಸಿಮುಲಿಂಕ್. ಮೊದಲ ದಿನ ಕಾಗದ ಮತ್ತು ಕ್ಯಾಲ್ಕುಲೇಟರ್ ಸಾಕು, ಏಕೆಂದರೆ ಮುಖ್ಯ ಸತ್ಯಗಳು ಕೂಡಿಸಿ ಕಳೆಯುವುದರಲ್ಲೇ ಹೊರಬೀಳುತ್ತವೆ.

ಗಂಟೆಗೆ 3000 ಕೆಜಿ ಹಬೆ ಎಂದರೆ ನಿಮಿಷಕ್ಕೆ 50 ಕೆಜಿ ನೀರು ಹೋಗುತ್ತದೆ. ಈ ಒತ್ತಡದಲ್ಲಿ ನೀರು ಸುಮಾರು 185 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ಒಂದು ಘನ ಮೀಟರಿಗೆ ಸುಮಾರು 880 ಕೆಜಿ ತೂಗುತ್ತದೆ. ಬಾಯ್ಲರಿನೊಳಗೆ ನೀರಿನ ಮೇಲ್ಮೈ 7 ಚದರ ಮೀಟರ್ ಎಂದಿಟ್ಟುಕೊಂಡರೆ, ಪಂಪ್ ನಿಂತಾಗ ಮಟ್ಟ ನಿಮಿಷಕ್ಕೆ 8 ಮಿಲಿಮೀಟರ್‌ಗಿಂತ ಚೂರು ಹೆಚ್ಚು ಇಳಿಯುತ್ತದೆ. ಕೊಳವೆಯ ಮೇಲಿನ ಅಂಚನ್ನು ಸೊನ್ನೆ ಎಂದು ಹಿಡಿದು ಟ್ರಿಪ್ ಮಟ್ಟವನ್ನು 80 ಮಿಮೀಗೆ ಇಟ್ಟಿದ್ದರೆ, ಉರಿ ನಿಲ್ಲದಿದ್ದರೂ ಸುಮಾರು 10 ನಿಮಿಷ ಕೈಯಲ್ಲಿದೆ. ಇಷ್ಟು ಸಾಕು ಎನಿಸುತ್ತದೆ.

ಈಗ ಟ್ರಿಪ್ ಆದ ಮೇಲಿನ ಕಥೆ ನೋಡಿ. ಎಣ್ಣೆ, ಗ್ಯಾಸಿನ ಬರ್ನರ್ ಆದರೆ ವಾಲ್ವ್ ಮುಚ್ಚಿದ ಕ್ಷಣ ಬೆಂಕಿ ಆರುತ್ತದೆ. ಹೊಟ್ಟು ಹಾಗಲ್ಲ. ಗ್ರೇಟಿನ ಮೇಲೆ 100 ಕೆಜಿ ಉಳಿದಿದೆ, ಕೆಜಿಗೆ 3200 ಕಿಲೋಕ್ಯಾಲರಿ, ಅದರಲ್ಲಿ 65 ಶೇಕಡಾ ನೀರಿಗೆ ತಲುಪುತ್ತದೆ ಎನ್ನಿ. ಒಟ್ಟು 2,08,000 ಕಿಲೋಕ್ಯಾಲರಿ. ಈ ಒತ್ತಡದಲ್ಲಿ ಒಂದು ಕೆಜಿ ನೀರು ಹಬೆಯಾಗಲು 477 ಕಿಲೋಕ್ಯಾಲರಿ ಸಾಕು. ಅಂದರೆ ಫ್ಯಾನ್ ನಿಂತ ಮೇಲೂ ಆ ಕೆಂಡ ನಿಧಾನವಾಗಿ 436 ಕೆಜಿ ನೀರನ್ನು ಹಬೆಯಾಗಿಸುತ್ತದೆ. ಮಟ್ಟದಲ್ಲಿ ಅದು 70 ಮಿಮೀ. ಮುಖ್ಯ ವಾಲ್ವ್ ಮುಚ್ಚಿದ್ದರೆ ಈ ಹಬೆ ಸೇಫ್ಟಿ ವಾಲ್ವ್ ಮೂಲಕ ಹೋಗುತ್ತದೆ, ತೆರೆದಿದ್ದರೆ ಭತ್ತದ ಟ್ಯಾಂಕಿಗೆ ಹೋಗುತ್ತದೆ. ಹೇಗೂ ನೀರು ಬಾಯ್ಲರಿನಲ್ಲಿ ಉಳಿಯುವುದಿಲ್ಲ.

ಸೆನ್ಸರಿನ ಅಳತೆಯಲ್ಲಿ 10 ಮಿಮೀ ಆಚೀಚೆ, ಮಟ್ಟ ನಿಜವಾಗಿ ಇಳಿದಿದೆಯೇ ಎಂದು ಕಾಯುವ ಟ್ರಿಪ್ ಟೈಮರಿನ 10 ಸೆಕೆಂಡಿಗೆ ಒಂದೂವರೆ ಮಿಮೀ ಸೇರಿಸಿ. 80 ದಾಟಿತು. ಪ್ಯಾನೆಲ್ ತಪ್ಪಿಲ್ಲದೆ ಟ್ರಿಪ್ ಕೊಟ್ಟರೂ ಕೊಳವೆ ಬಯಲಾಯಿತು. ಲಾಜಿಕ್ಕನ್ನು ಎಷ್ಟು ಸಲ ಪರೀಕ್ಷಿಸಿದರೂ ಈ ದೋಷ ಸಿಗುತ್ತಿರಲಿಲ್ಲ, ಏಕೆಂದರೆ ಲಾಜಿಕ್ಕಿನಲ್ಲಿ ದೋಷವೇ ಇಲ್ಲ.

ಇನ್ನೂ ಒಂದಿದೆ. ಟ್ರಿಪ್ ಆದ ಮೇಲೆ ಮುಖ್ಯ ವಾಲ್ವ್ ತೆರೆದೇ ಇದ್ದು ಒತ್ತಡ 10.5ರಿಂದ 5 ಕೆಜಿಗೆ ಇಳಿದರೆ, ಕಾದ ನೀರು ತನ್ನೊಳಗಿನ ಶಾಖದಿಂದಲೇ ಕುದಿಯುತ್ತದೆ. ಒಳಗೆ 6 ಟನ್ ನೀರಿದ್ದರೆ ಸುಮಾರು 340 ಕೆಜಿ ಹೀಗೆ ಹಬೆಯಾಗಿ ಹೋಗುತ್ತದೆ. ಅದು 50 ಮಿಮೀ ಮೀರಿದ ಇಳಿತ. ಉಳಿದ ನೀರು ತಣ್ಣಗಾಗಿ ಕುಗ್ಗುವುದರಿಂದ ಮತ್ತೆ 25–30 ಮಿಮೀ. ಬೆಂಕಿ ಪೂರ್ತಿ ಎಳೆದು ಹಾಕಿದರೂ ಇದು ನಡೆಯುತ್ತದೆ. ಹಾಗಾಗಿ “ಟ್ರಿಪ್ ಆದರೆ ಮುಖ್ಯ ಹಬೆ ವಾಲ್ವ್ ಮುಚ್ಚಬೇಕು” ಎಂಬ ಹೊಸ ಅಗತ್ಯ ಹುಟ್ಟಿತು. ಕೈಯಿಂದ ಮುಚ್ಚಲು 3 ನಿಮಿಷ ಹಿಡಿದರೆ ಅಷ್ಟರಲ್ಲಿ 150 ಕೆಜಿ, ಅಂದರೆ 24 ಮಿಮೀ ಹೋಗಿರುತ್ತದೆ.

ಕೆಂಡಕ್ಕೆ 70, ವಾಲ್ವ್ ಮುಚ್ಚುವವರೆಗೆ 24, ಸೆನ್ಸರಿಗೆ 10, ಟೈಮರನ್ನು 30 ಸೆಕೆಂಡಿಗೆ ಏರಿಸಿದರೆ ಅದಕ್ಕೆ 4 ಕೂಡಿಸಿದರೆ 108. ಕೆಂಡದ ಹಬೆಯೂ ವಾಲ್ವಿನಿಂದ ಹೋಗುವ ಹಬೆಯೂ ಸ್ವಲ್ಪ ಒಂದರೊಳಗೊಂದು ಸೇರಿರುತ್ತವೆ, ಆದರೆ ಸುರಕ್ಷತೆಯ ಲೆಕ್ಕದಲ್ಲಿ ಕಳೆಯದೆ ಕೂಡಿಸಿಯೇ ಇಡಿ. ನಮ್ಮ ಉದಾಹರಣೆಗೆ ಟ್ರಿಪ್ 120 ಮಿಮೀ, ಹೂಟರ್ 150, ಪಂಪ್ ಚಾಲೂ 180, ಪಂಪ್ ಬಂದ್ 220. ಹೂಟರಿನಿಂದ ಟ್ರಿಪ್ಪಿಗೆ ಅಟೆಂಡೆಂಟ್‌ಗೆ ಸಿಗುವುದು ಮೂರೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು.

ಟೈಮರಿನ ವಿಷಯಕ್ಕೆ ಬರೋಣ. ಭತ್ತದ ಟ್ಯಾಂಕುಗಳ ವಾಲ್ವುಗಳನ್ನು ಒಟ್ಟಿಗೆ ಮುಚ್ಚಿದಾಗ ಬಾಯ್ಲರಿನೊಳಗೆ ಒತ್ತಡ ಏರಿ ನೀರೊಳಗಿನ ಗುಳ್ಳೆಗಳು ಕುಗ್ಗುತ್ತವೆ, ನೀರು ಕಡಿಮೆಯಾಗದೆಯೇ ಮಟ್ಟ ದಿಢೀರನೆ ಇಳಿದಂತೆ ಕಾಣುತ್ತದೆ. ಒಟ್ಟಿಗೆ ತೆರೆದರೆ ಇದರ ತಿರುವುಮುರುವು. ಮಾಡೆಲ್‌ನಲ್ಲಿ ಗುಳ್ಳೆಗಳ ಪಾಲನ್ನು ಸೇರಿಸದಿದ್ದರೆ ಈ ಸುಳ್ಳು ಇಳಿತ ಕಾಣಿಸುವುದಿಲ್ಲ. ಟೈಮರನ್ನು ಹೆದರಿ 2 ಸೆಕೆಂಡಿಗೆ ಇಡುವವರೇ ಹೆಚ್ಚು. ಪ್ರತಿ ಬ್ಯಾಚಿನ ಕೊನೆಗೆ ಬಾಯ್ಲರ್ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ವಾರ ಕಳೆಯುವುದರೊಳಗೆ ಸೆನ್ಸರಿನ ಎರಡು ಟರ್ಮಿನಲ್ಲಿಗೆ ಒಂದು ತುಂಡು ವೈರು ಬಿದ್ದಿರುತ್ತದೆ. ಲೆಕ್ಕ ಏನು ಹೇಳುತ್ತದೆ? 30 ಸೆಕೆಂಡ್ ಟೈಮರಿಗೆ ತೆರುವ ಬೆಲೆ 4 ಮಿಮೀ ನೀರು. ಬೈಪಾಸಿಗೆ ಹೋಲಿಸಿದರೆ ಅದು ಪುಕ್ಕಟೆ.

ಮಾಡೆಲ್ ಸರಿಯಿದೆಯೇ ಎಂದು ನೋಡಲು ಒಂದು ಅಳತೆ ಬೇಕು. ಪೂರ್ಣ ಹೊರೆಯಲ್ಲಿ, ಅಟೆಂಡೆಂಟ್ ಗೇಜ್ ಗ್ಲಾಸಿನ ಮುಂದೆ ನಿಂತಿರುವಾಗ, ಪಂಪ್ ಬಂದ್ ಆದ ಮಟ್ಟದಿಂದ ಮತ್ತೆ ಚಾಲೂ ಆಗುವ ಮಟ್ಟಕ್ಕೆ ನೀರು ಇಳಿಯಲು ಹಿಡಿಯುವ ಸಮಯ ಬರೆದುಕೊಳ್ಳಿ. ಇದು ಮಾಮೂಲಿ ಓಟದಲ್ಲೇ ಆಗುವ ಇಳಿತ, ಬೇರೆ ಪ್ರಯೋಗ ಬೇಡ. 40 ಮಿಮೀಗೆ ಸುಮಾರು 5 ನಿಮಿಷ ಬರಬೇಕು. ತುಂಬಾ ಬೇರೆ ಬಂದರೆ ಮೇಲ್ಮೈ ಅಳತೆಯೋ ಹಬೆಯ ಪ್ರಮಾಣವೋ ತಪ್ಪಿದೆ.

ಹಂತ 4: ಲಾಜಿಕ್ಕನ್ನು ಸ್ಥಿತಿಗಳಾಗಿ ಬರೆಯಿರಿ

ರಿಲೇಗಳ ವೈರಿಂಗಿನಂತೆ ಕಾಣುವ ಲ್ಯಾಡರ್ ಡ್ರಾಯಿಂಗಿನಿಂದ ಶುರು ಮಾಡಬೇಡಿ. ಮೊದಲು ಸ್ಥಿತಿಗಳು: ನಿಂತಿದೆ, ಗಾಳಿ ಹಾಯಿಸುತ್ತಿದೆ, ಉರಿಯುತ್ತಿದೆ, ಎಚ್ಚರಿಕೆ, ಟ್ರಿಪ್ ಬೀಗ. ಒಂದರಿಂದ ಇನ್ನೊಂದಕ್ಕೆ ಹೋಗಲು ಏನಾಗಬೇಕು ಎಂಬುದಷ್ಟನ್ನೇ ಬರೆಯಿರಿ. ಸಿಮುಲಿಂಕ್ ಜೊತೆಗಿನ ಸ್ಟೇಟ್‌ಫ್ಲೋನಲ್ಲಾದರೂ ಸರಿ, ಉಚಿತ ಟೂಲಿನಲ್ಲಾದರೂ ಸರಿ.

ಕೆಲವು ನಿಯಮಗಳಲ್ಲಿ ರಾಜಿ ಬೇಡ. ಸೆನ್ಸರ್ ಲೂಪಿನಲ್ಲಿ ಕರೆಂಟ್ ಹರಿಯುತ್ತಿದ್ದರೆ ಮಾತ್ರ ಎಲ್ಲ ಸರಿಯೆಂದು ಅರ್ಥ. ವೈರು ತುಂಡಾದರೂ, ಫ್ಯೂಸ್ ಹೋದರೂ ಟ್ರಿಪ್ ಆಗಬೇಕು. ಟ್ರಿಪ್ ಒಮ್ಮೆ ಬಿದ್ದರೆ ಮಟ್ಟ ಸರಿಯಾದರೂ ತಾನಾಗಿ ಬಿಡಬಾರದು. ಕರೆಂಟ್ ಹೋಗಿ ಬಂದಾಗ ಲಾಜಿಕ್ ಯಾವಾಗಲೂ ಟ್ರಿಪ್ ಬೀಗದಲ್ಲೇ ಎಚ್ಚರಗೊಳ್ಳಬೇಕು. ಮಟ್ಟ ಗೇಜ್ ಗ್ಲಾಸಿನ ಅಳತೆಯೊಳಗಿದ್ದರೆ ಪಂಪ್ ತಾನಾಗಿ ಓಡಬಹುದು, ಎಫ್‌ಡಿ ಫ್ಯಾನಿಗೆ ಮಾತ್ರ ಮನುಷ್ಯನ ಕೈ ಬೇಕು. ಕೊಳವೆ ಬಯಲಾಗಿರಬಹುದಾದಷ್ಟು ಕೆಳಗೆ ಮಟ್ಟ ಇಳಿದಿದ್ದರೆ ಪಂಪಿಗೂ ಬೀಗ.

ಹಂತ 5: ಕೆಡಿಸಿ ನೋಡಿ

ಬಾಯ್ಲರಿನ ಮಾಡೆಲ್ಲನ್ನೂ ಲಾಜಿಕ್ಕಿನ ಮಾಡೆಲ್ಲನ್ನೂ ಜೋಡಿಸಿ ಓಡಿಸಿ. ಎಲ್ಲ ಸರಿಯಿರುವಾಗ ಚೆನ್ನಾಗಿ ಓಡುವುದು ದೊಡ್ಡ ವಿಷಯವಲ್ಲ. ಒಂದೊಂದೇ ದೋಷ ಹಾಕುತ್ತಾ ಹೋಗಿ, ಪ್ರತಿ ಓಟದಲ್ಲೂ ಮಟ್ಟ ಸೊನ್ನೆಗಿಂತ ಮೇಲೆ ಉಳಿಯಿತೇ ಎಂಬುದೊಂದೇ ನೋಡಿ.

ಫ್ಲೋಟ್ ಸೆನ್ಸರ್ ಕೆಸರಿಗೆ ಸಿಕ್ಕಿ ಮೇಲೇ ನಿಂತಿತು ಎನ್ನಿ. ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು. ಮೆದು ಮಾಡದೆ, ಬ್ಲೋಡೌನ್ (ತಳದ ಕೆಸರುನೀರನ್ನು ಹೊರಬಿಡುವುದು) ಸರಿಯಾಗಿ ಬಿಡದೆ ಓಡಿಸಿದರೆ ಚೇಂಬರಿನಲ್ಲಿ ಕೆಸರು ಕೂಡುವುದು ಆಕಸ್ಮಿಕವಲ್ಲ, ಖಚಿತ. ಎಲೆಕ್ಟ್ರೋಡ್ ಸೆನ್ಸರಿನ ರೋಗ ಬೇರೆ: ಇನ್ಸುಲೇಟರಿನ ಮೇಲೆ ಉಪ್ಪು ಕಟ್ಟಿದರೆ, ಅಥವಾ ಒಳಗೆ ನೊರೆ ಎದ್ದರೆ, ನೀರಿಲ್ಲದೆಯೂ ನೀರಿದೆ ಎನ್ನುತ್ತದೆ. ಬಾಯ್ಲರಿನ ಬಿಸಿಗೆ ಕೇಬಲ್ಲಿನ ಹೊದಿಕೆ ಸುಟ್ಟು ಎರಡು ವೈರು ಕೂಡಿಕೊಂಡರೆ ಅದು ತಾನೇ ಒಂದು ಬೈಪಾಸ್. ಎಫ್‌ಡಿ ಮೋಟಾರಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡರೆ ಪ್ಯಾನೆಲ್ ಟ್ರಿಪ್ ಕೊಟ್ಟರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಇದಕ್ಕೆ ಎರಡು ಕಾಂಟ್ಯಾಕ್ಟರ್ ಸಾಲಾಗಿ ಹಾಕಿ, ಪ್ರತಿಯೊಂದರ ಸಹಾಯಕ ಸಂಪರ್ಕದಿಂದ “ನಿಜವಾಗಿ ಬಿಟ್ಟಿದೆಯೇ” ಎಂಬ ಸುದ್ದಿ ಲಾಜಿಕ್ಕಿಗೆ ತರಬೇಕು.

ಎರಡು ಸೆನ್ಸರ್ ಹಾಕಿದ್ದೇವೆ ಎಂದು ಸಮಾಧಾನಪಡುವ ಮುನ್ನ ಪೈಪು ನೋಡಿ. ಎರಡೂ ಒಂದೇ ಚೇಂಬರಿನಲ್ಲಿದ್ದು, ಆ ಚೇಂಬರಿನ ಕೆಳಗಿನ ವಾಲ್ವ್ ರಿಪೇರಿಗೆಂದು ಮುಚ್ಚಿ ಮರೆತುಹೋಗಿದ್ದರೆ, ಎರಡೂ ಕೂಡಿಯೇ ಸುಳ್ಳು ಹೇಳುತ್ತವೆ. ಒಂದು ಫ್ಲೋಟ್, ಒಂದು ಎಲೆಕ್ಟ್ರೋಡ್, ಬೇರೆ ಬೇರೆ ಚೇಂಬರ್, ಬೇರೆ ಕೇಬಲ್, ಬೇರೆ ರಿಲೇ. ಇದಕ್ಕೆ ಬಾಯ್ಲರಿನ ಮೇಲೆ ಹೊಸ ಸಂಪರ್ಕ ಬೇಕಾದರೆ ಅನುಮತಿಯಿಲ್ಲದೆ ಬೆಸುಗೆ ಹಾಕಕೂಡದು.

ಹಂತ 6: ಎಷ್ಟು ನಂಬಬಹುದು ಎಂಬ ಲೆಕ್ಕ

ಇಂಥ ಸುರಕ್ಷತಾ ವ್ಯವಸ್ಥೆಗಳಿಗೆ ಐಇಸಿ 61508 ಎಂಬ ಮಾನದಂಡ ಎಲ್ಲ ಉದ್ಯಮಗಳಿಗೂ ತಾಯಿಯಂತಿದೆ. ಅದರ ಎರಡನೇ ಆವೃತ್ತಿ 2010ರದು. ಪ್ರಕ್ರಿಯಾ ಉದ್ಯಮಕ್ಕೆ ಅದರಿಂದ ಹುಟ್ಟಿದ್ದು ಐಇಸಿ 61511. ಬೇಡಿಕೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚಿಲ್ಲದಿದ್ದಾಗ, ಕರೆದಾಗ ಕೈಕೊಡುವ ಸರಾಸರಿ ಸಂಭವ 0.1ರಿಂದ 0.01ರೊಳಗಿದ್ದರೆ ಸಿಲ್ (ಸುರಕ್ಷತೆಯ ದರ್ಜೆ) 1, 0.01ರಿಂದ 0.001ರೊಳಗಿದ್ದರೆ ಸಿಲ್ 2.

ವರ್ಷಕ್ಕೊಮ್ಮೆ ಯಾವುದೋ ಕಾರಣಕ್ಕೆ ನೀರು ಟ್ರಿಪ್ ಮಟ್ಟಕ್ಕೆ ಇಳಿಯುತ್ತದೆ, ನೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಕೊಳವೆ ಬಯಲಾಗಬಾರದು ಎಂದಿಟ್ಟುಕೊಂಡರೆ ಗುರಿ 0.01ರ ಒಳಗೆ. ಒಂಟಿ ಸಾಧನಕ್ಕೆ ಸೂತ್ರ ಸರಳ: ಗೊತ್ತಾಗದಂತೆ ಅಪಾಯಕರವಾಗಿ ಕೆಡುವ ವಾರ್ಷಿಕ ದರವನ್ನು ಪರೀಕ್ಷೆಗಳ ನಡುವಿನ ಅವಧಿಯಿಂದ ಗುಣಿಸಿ ಎರಡರಿಂದ ಭಾಗಿಸಿ. ಸೆನ್ಸರಿಗೆ 0.02, ರಿಲೇ ಲಾಜಿಕ್ಕಿಗೆ 0.002, ಕಾಂಟ್ಯಾಕ್ಟರಿಗೆ 0.01 ಎಂದು ಊಹಿಸಿ ವರ್ಷಕ್ಕೊಮ್ಮೆ ಪರೀಕ್ಷಿಸಿದರೆ 0.01 + 0.001 + 0.005 = 0.016. ಗುರಿ ತಪ್ಪಿತು.

ಎರಡು ದಾರಿಗಳಿವೆ. ಸೆನ್ಸರ್, ಕಾಂಟ್ಯಾಕ್ಟರ್ ಎರಡನ್ನೂ ಜೋಡಿ ಮಾಡಿ, ಒಂದೇ ಕಾರಣಕ್ಕೆ ಎರಡೂ ಕೆಡುವ ಪಾಲು 10 ಶೇಕಡಾ ಎಂದು ಹಿಡಿದರೆ ಒಟ್ಟು ಸುಮಾರು 0.003ಕ್ಕೆ ಇಳಿಯುತ್ತದೆ. ಅಥವಾ ಏನೂ ಕೊಳ್ಳದೆ, ಮೂರು ತಿಂಗಳಿಗೊಮ್ಮೆ ಸೆನ್ಸರಿನಿಂದ ಫ್ಯಾನ್ ನಿಲ್ಲುವವರೆಗೆ ಪೂರ್ತಿ ಪರೀಕ್ಷೆ ಮಾಡಿದರೆ 0.004. ಎರಡನ್ನೂ ಮಾಡುವುದು ಉತ್ತಮ. ಅದೇ ಪರೀಕ್ಷೆ ರಿಜಿಸ್ಟರಿನಲ್ಲಿ ಮಾತ್ರ ನಡೆದು ಸಾಧನ 10 ವರ್ಷ ಹಾಗೇ ಇದ್ದರೆ ಸೆನ್ಸರಿನ ಪಾಲೊಂದೇ 0.1. ಸಿಲ್ ಸರ್ಟಿಫಿಕೇಟ್ ಇರುವ ದುಬಾರಿ ಸಾಧನಕ್ಕೂ ಇದೇ ಗತಿ.

ಬೈಪಾಸನ್ನೂ ಇದೇ ಲೆಕ್ಕಕ್ಕೆ ತನ್ನಿ. ವರ್ಷದ 8760 ಗಂಟೆಯಲ್ಲಿ 88 ಗಂಟೆ ಬೈಪಾಸ್ ವೈರು ಇದ್ದರೆ ಅದೊಂದೇ 0.01, ಇಡೀ ಗುರಿಯನ್ನು ನುಂಗಿತು. ಬೈಪಾಸ್ ಬೇಕೇ ಬೇಕೆಂದಾದರೆ ಕೀಲಿ ಸ್ವಿಚ್ ಕೊಡಿ, ಹೂಟರ್ ಕೂಗುತ್ತಿರಲಿ, 15 ನಿಮಿಷಕ್ಕೆ ತಾನಾಗಿ ಬಿಡಲಿ. ಕೀಲಿ ಮಾಲೀಕರ ಬಳಿಯಲ್ಲ, ಶಿಫ್ಟಿನ ಹೊಣೆ ಹೊತ್ತವರ ಬಳಿ ಇರಲಿ. ಅಧಿಕೃತ ದಾರಿ ಕೊಡದಿದ್ದರೆ ವೈರಿನ ತುಂಡು ಗ್ಯಾರಂಟಿ.

ಹಂತ 7: ಎಲ್ಲ ದಾರಿಗಳನ್ನೂ ಹುಡುಕಿಸಿ

ಸಿಮ್ಯುಲೇಶನ್ ನೀವು ಯೋಚಿಸಿದ ದೋಷಗಳನ್ನು ಮಾತ್ರ ನೋಡುತ್ತದೆ. ಮಾಡೆಲ್ ಚೆಕಿಂಗ್ ಟೂಲು ಸಾಧ್ಯವಿರುವ ಎಲ್ಲ ಸ್ಥಿತಿಗಳನ್ನೂ ಹೊಕ್ಕು ನೋಡುತ್ತದೆ. ಪಿಎಲ್‌ಸಿ ಪ್ರೋಗ್ರಾಮುಗಳಿಗೆಂದೇ ಯುರೋಪಿನ ಕಣ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್ ಪಿಎಲ್‌ಸಿವೆರಿಫ್ ಎಂಬ ಟೂಲನ್ನು ಮುಕ್ತವಾಗಿ ಕೊಟ್ಟಿದೆ. ನುಎಸ್‌ಎಂವಿ ಇನ್ನೊಂದು. ನಿಯಮವನ್ನು ಹೀಗೆ ಕೊಡುತ್ತೀರಿ: “ಟ್ರಿಪ್ ಬಿದ್ದ ಮೇಲೆ, ರೀಸೆಟ್ ಬಟನ್ ಹೊಸದಾಗಿ ಒತ್ತುವವರೆಗೆ ಎಫ್‌ಡಿ ಫ್ಯಾನ್ ಎಂದೂ ಚಾಲೂ ಆಗಬಾರದು.” ಸುಳ್ಳಾದರೆ ಟೂಲು ಅದು ಹೇಗೆ ಸುಳ್ಳಾಯಿತೆಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ.

ಈ ನಿಯಮಕ್ಕೆ ಸಾಮಾನ್ಯವಾಗಿ ಸಿಗುವ ಉಲ್ಲಂಘನೆ ಹೀಗಿರುತ್ತದೆ: ರೀಸೆಟ್ ಬಟನ್ ಒತ್ತಿದಲ್ಲೇ ಸಿಕ್ಕಿಕೊಂಡಿದೆ, ಟ್ರಿಪ್ ಬೀಳುತ್ತದೆ, ಗುಳ್ಳೆಯಾಟಕ್ಕೆ ಮಟ್ಟದ ಸಂಪರ್ಕ ಒಂದು ಕ್ಷಣ ಸರಿಯೆನ್ನುತ್ತದೆ, ಅದೇ ಸ್ಕ್ಯಾನಿನಲ್ಲಿ (ಪಿಎಲ್‌ಸಿ ತನ್ನ ಪ್ರೋಗ್ರಾಂ ಓದುವ ಒಂದು ಸುತ್ತಿನಲ್ಲಿ) ಟ್ರಿಪ್ ಬಿಟ್ಟುಹೋಗುತ್ತದೆ. ಬಟನ್ ಒತ್ತಿರುವುದನ್ನಲ್ಲ, ಬಿಟ್ಟಿದ್ದು ಒತ್ತಲ್ಪಡುವ ಬದಲಾವಣೆಯನ್ನು ನೋಡಬೇಕು. ಬಟನ್ನಿಗೆ ಬೆಂಕಿಕಡ್ಡಿ ಸಿಗಿಸಿಡುವ ಅಭ್ಯಾಸಕ್ಕೂ ಅದೇ ಮದ್ದು.

ನೀರಿನ ಸಮೀಕರಣಗಳನ್ನು ಈ ಟೂಲಿಗೆ ತುರುಕಬೇಡಿ, ಓಟ ಮುಗಿಯುವುದೇ ಇಲ್ಲ. ಮಟ್ಟವನ್ನು ನಾಲ್ಕೈದು ವಲಯಗಳಾಗಿ ಕೊಟ್ಟರೆ ಸಾಕು.

ಹಂತ 8: ಪ್ಯಾನೆಲ್ಲಿಗೆ ಇಳಿಸುವುದು

ಟ್ರಿಪ್ಪಿನ ದಾರಿ ಗಟ್ಟಿ ವೈರಿಂಗಿನ ಸೇಫ್ಟಿ ರಿಲೇ ಮೂಲಕ, ಅಥವಾ ಸರ್ಟಿಫೈ ಆದ ಸೇಫ್ಟಿ ಪಿಎಲ್‌ಸಿ ಮೂಲಕ ಹೋಗಲಿ. ಪಂಪ್, ಹೂಟರ್, ಪರದೆ ಇವಕ್ಕೆ ಸಾಮಾನ್ಯ ಪಿಎಲ್‌ಸಿ ನಡೆಯುತ್ತದೆ. ಇಷ್ಟು ಸಣ್ಣ ಲಾಜಿಕ್ಕಿಗೆ ಕೋಡ್ ಜನರೇಟರ್ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪಿಎಲ್‌ಸಿ ಭಾಷೆಗಳ ಮಾನದಂಡವಾದ ಐಇಸಿ 61131-3ರ ಸ್ಟ್ರಕ್ಚರ್ಡ್ ಟೆಕ್ಸ್ಟ್‌ನಲ್ಲಿ ಸ್ಥಿತಿಗಳನ್ನು ಕೈಯಿಂದಲೇ ಬರೆಯಬಹುದು. ಜನರೇಟರ್ ಬಳಸಿದರೆ, ಅದರ ತಪ್ಪು ನೇರ ಕೋಡಿಗೆ ಇಳಿಯುವುದರಿಂದ ಐಇಸಿ 61508 ಅದನ್ನು ಟಿ3 ದರ್ಜೆಯ ಟೂಲು ಎಂದು ಎಣಿಸಿ, ನಂಬಲು ಪುರಾವೆ ಕೇಳುತ್ತದೆ. ಪರೀಕ್ಷೆಯ ಟೂಲುಗಳದು ಟಿ2 ದರ್ಜೆ.

ಹಂತ 5ರ ದೋಷಗಳನ್ನೇ ಪರೀಕ್ಷೆಗಳಾಗಿ ಉಳಿಸಿಕೊಂಡು ಮಾಡೆಲ್ ಮೇಲೂ ಪಿಎಲ್‌ಸಿ ಮೇಲೂ ಓಡಿಸಿ. ಫಲಿತಾಂಶ ಒಂದು ಸ್ಕ್ಯಾನ್ ಸಮಯದ ವ್ಯತ್ಯಾಸದೊಳಗೆ ಹೊಂದಬೇಕು. ಆಮೇಲೆ ಪ್ಯಾನೆಲ್ಲನ್ನು ವರ್ಕ್‌ಶಾಪಿನ ಮೇಜಿನ ಮೇಲಿಟ್ಟು, ಆರ್ಡುಯಿನೊದಂಥ ಒಂದು ಸಣ್ಣ ಬೋರ್ಡಿನಲ್ಲಿ ಬಾಯ್ಲರಿನ ಮಾಡೆಲ್ ಹಾಕಿ, ಅದರ ರಿಲೇಗಳನ್ನು ಸೆನ್ಸರಿನ ಜಾಗಕ್ಕೆ ಜೋಡಿಸಿ. ಪ್ಯಾನೆಲ್ಲಿಗೆ ತನ್ನೆದುರು ನಿಜವಾದ ಬಾಯ್ಲರ್ ಇದೆ ಎನಿಸುತ್ತದೆ. ಮೇನ್ಸ್ ಆಫ್ ಮಾಡಿ, ಜನರೇಟರ್ ಹತ್ತುವಷ್ಟು ಹೊತ್ತು ಬಿಟ್ಟು ಆನ್ ಮಾಡುವ ಪರೀಕ್ಷೆಯನ್ನು ಇಲ್ಲೇ ಮುಗಿಸಿ. ಬೆಂಕಿ ಇರುವ ಬಾಯ್ಲರಿನ ಮೇಲೆ ಮೊದಲ ಸಲ ಮಾಡುವ ಪರೀಕ್ಷೆ ಅದಲ್ಲ.

ವಿನ್ಯಾಸದ ಮಾಡೆಲ್ ಬರೆದವರೇ ಪರೀಕ್ಷೆಗಳನ್ನೂ ಬರೆಯಬಾರದು. ಒಂದೇ ಮಾಡೆಲ್ಲಿನಿಂದ ಕೋಡೂ ಹುಟ್ಟಿ ಪರೀಕ್ಷೆಯೂ ಹುಟ್ಟಿದರೆ, ಮಾಡೆಲ್ಲಿನ ತಪ್ಪಿಗೆ ಪೂರ್ಣ ಅಂಕ ಸಿಗುತ್ತದೆ. ಪರೀಕ್ಷೆಯನ್ನು ಹಂತ 2ರ ಅಗತ್ಯಗಳ ಹಾಳೆಯಿಂದ ಇನ್ನೊಬ್ಬರು ಬರೆಯಲಿ.

ಹಂತ 9: ಗಿರಣಿಯಲ್ಲಿ

ಕೊಳವೆ ಅಂಚು, ಟ್ರಿಪ್, ಹೂಟರ್ ಮಟ್ಟಗಳನ್ನು ಗೇಜ್ ಗ್ಲಾಸಿನ ಪಕ್ಕ ಲೋಹದ ಪಟ್ಟಿಯ ಮೇಲೆ ಕೊರೆದು ಕನ್ನಡದಲ್ಲಿ ಬರೆಸಿ. ಮೊದಲ ಪರೀಕ್ಷೆ ಬೆಂಕಿಯಿಲ್ಲದೆ: ಬ್ಲೋಡೌನ್ ತೆರೆದು ನೀರನ್ನು ನಿಧಾನ ಇಳಿಸಿ, ಯಾವ ಗುರುತಿನಲ್ಲಿ ಹೂಟರ್ ಕೂಗಿತು, ಎಲ್ಲಿ ಟ್ರಿಪ್ ಆಯಿತು ಎಂದು ಅಳೆಯಿರಿ. 10 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹಂತ 3ರ ಕೂಡಿಕೆ ಮತ್ತೆ ಮಾಡಬೇಕು. ಆಮೇಲೆ ಕಡಿಮೆ ಉರಿಯಲ್ಲಿ, ಅರ್ಹ ಅಟೆಂಡೆಂಟ್ ಎದುರು. ಪ್ರತಿ ಶಿಫ್ಟಿನಲ್ಲಿ ಸೆನ್ಸರ್ ಚೇಂಬರುಗಳನ್ನು ಒಂದೊಂದಾಗಿ ಬ್ಲೋಡೌನ್ ಮಾಡಿ ಫ್ಯಾನ್ ನಿಂತಿತೇ ಎಂದು ನೋಡುವುದು ಕೆಸರಿಗೂ ಮದ್ದು, ಪರೀಕ್ಷೆಯೂ ಹೌದು. ಹೂಟರ್ ಕೂಗಿದ್ದಷ್ಟೇ ನೋಡಿ ಬರೆದುಕೊಂಡರೆ ಬೆಸೆದುಕೊಂಡ ಕಾಂಟ್ಯಾಕ್ಟರ್ ಸಿಗುವುದಿಲ್ಲ. ಫ್ಯಾನಿನ ಬೆಲ್ಟ್ ನಿಂತಿದ್ದನ್ನು ಕಣ್ಣಾರೆ ನೋಡಬೇಕು.

ಮಾಡೆಲ್, ಪರೀಕ್ಷೆಗಳು, ಪಿಎಲ್‌ಸಿ ಪ್ರೋಗ್ರಾಂ ಮೂರನ್ನೂ ಗಿಟ್ ಎಂಬ ಆವೃತ್ತಿ ಕಾಯುವ ಟೂಲಿನಲ್ಲಿ ಒಂದೇ ಆವೃತ್ತಿ ಸಂಖ್ಯೆಯಡಿ ಇಡಿ. ಅದೇ ಸಂಖ್ಯೆ ಪಿಎಲ್‌ಸಿ ಪರದೆಯಲ್ಲೂ ಪ್ಯಾನೆಲ್ ಬಾಗಿಲ ಒಳಗಿನ ಡ್ರಾಯಿಂಗಿನಲ್ಲೂ ಕಾಣಲಿ. ಹಂಗಾಮಿನ ನಡುವೆ ರಾತ್ರಿ ಬಂದು ಟೈಮರ್ ಬದಲಿಸಿ ಹೋಗುವ ಎಲೆಕ್ಟ್ರಿಷಿಯನ್ ಅಣ್ಣನಿಗೆ ಎಡಗಡೆ ಒಂದು ಖಾಲಿ ಹಾಳೆ, ಒಂದು ಪೆನ್ನು ತೂಗುಹಾಕಿಡಿ: ತಾರೀಖು, ಏನು ಬದಲಾಯಿತು, ಏಕೆ. ಬೆಳಿಗ್ಗೆ ಆ ಬದಲಾವಣೆ ಮೊದಲು ಮಾಡೆಲ್ಲಿಗೆ ಹೋಗಿ, ಹಂತ 5ರ ಎಲ್ಲ ದೋಷಗಳನ್ನೂ ದಾಟಿ ಬರಬೇಕು. ದಾಟದಿದ್ದರೆ ಟೈಮರ್ ಹಳೆಯ ಅಂಕಿಗೇ ಹಿಂತಿರುಗುತ್ತದೆ.

ಹೊಸ ಗಿರಣಿಗೆ ಇದೇ ಮಾಡೆಲ್ ಒಯ್ಯುವಾಗ ಸ್ಥಿತಿಗಳ ಚಿತ್ರ ಬಹುಪಾಲು ಹಾಗೇ ನಡೆಯುತ್ತದೆ. ನೀರಿನ ಮೇಲ್ಮೈ, ಒಳಗಿನ ನೀರಿನ ತೂಕ, ಗ್ರೇಟಿನ ಮೇಲಿನ ಹೊಟ್ಟು, ವಾಲ್ವ್ ಮುಚ್ಚುವ ಸಮಯ ಈ ನಾಲ್ಕು ಅಂಕಿಗಳನ್ನು ಮಾತ್ರ ಅಲ್ಲೇ ಹೋಗಿ ಹೊಸದಾಗಿ ಅಳೆಯಬೇಕು. ಚಳ್ಳಕೆರೆಯಂಥ ಎಣ್ಣೆ ಗಿರಣಿಗಳ ಊರಿನಲ್ಲಿ ಎಣ್ಣೆ ತೆಗೆಯಲು ಹೆಕ್ಸೇನ್ ಎಂಬ ಬೇಗ ಹೊತ್ತುವ ದ್ರಾವಕ ಬಳಸುವ ಘಟಕಕ್ಕೆ ಇದೇ ಹಂತಗಳು ಹೊಂದುತ್ತವೆ, ಆದರೆ ಅಲ್ಲಿ ನೀರಿನ ಜಾಗಕ್ಕೆ ಗಾಳಿಯಲ್ಲಿನ ಆವಿಯ ಪ್ರಮಾಣ ಬರುತ್ತದೆ, ನಿಮಿಷಗಳ ಜಾಗಕ್ಕೆ ಸೆಕೆಂಡುಗಳು ಬರುತ್ತವೆ. ಹಂತ 3ನ್ನು ಅಲ್ಲಿ ಮೊದಲಿನಿಂದಲೇ ಬರೆಯಬೇಕು.